ಮರಣದ ಲೆಕ್ಕವೂ ವಿಜ್ಞಾನವೇ

ಮಹಾಪಿಡುಗೊಂದು ಬಂದಾಗ ಶ್ವಾಸಕೋಶದ ರೋಗಗಳಿಂದ ಸಾಯುವವರ ಪ್ರಮಾಣವು ಏರುವುದೋ ಇಳಿಯುವುದೋ? ಏರಲೇಬೇಕೆಂದು ವಿದ್ಯಾರ್ಥಿಗಳು ಥಟ್ಟನೆ ಹೇಳಿಯಾರು. ಆದರೆ ಉತ್ತರವು ಅಷ್ಟು ಸುಲಭವಾದುದಲ್ಲ. ಅದು ರೋಗವನ್ನು ಎಷ್ಟು ಅವಲಂಬಿಸಿದೆಯೋ, ಮರಣವನ್ನು ನಾವು ಯಾವ ಹೆಸರಿನಲ್ಲಿ ಬರೆದುಕೊಳ್ಳುತ್ತೇವೆಂಬುದನ್ನೂ ಅಷ್ಟೇ ಅವಲಂಬಿಸಿದೆ.

ನಮ್ಮ ಜಿಲ್ಲೆಯ ನಿದರ್ಶನವನ್ನೇ ನೋಡೋಣ. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಅವರ ಗಂಟಲ ದ್ರವದ ಪರೀಕ್ಷೆಯ ಫಲಿತಾಂಶವು ಪ್ರಕಟವಾದುದು ಎರಡು ದಿನಗಳ ತರುವಾಯ. ಭಾರತದಲ್ಲಿ ದೃಢಪಟ್ಟ ಮೊದಲನೆಯ ಕೋವಿಡ್ ಮರಣವದು. ಪರೀಕ್ಷೆ ನಡೆಯದಿದ್ದರೆ ಆ ಸಾವು ಬೇರೊಂದು ಹೆಸರಿನಲ್ಲಿ ಅಡಗಿಹೋಗುತ್ತಿದ್ದಿತು. ಕಾಗಿಣೆಯ ದಡದ ದಂಡೋತಿಯಂತಹ ಊರುಗಳಲ್ಲಿ ಮನೆಯಲ್ಲಿಯೇ ಕಣ್ಣು ಮುಚ್ಚುವವರ ವಿಷಯದಲ್ಲಿ ‘ದಮ್ಮಿನಿಂದ ಹೋದರು’ ಎಂಬ ಮಾತೇ ಕಡೆಯ ನಿದಾನ. ಆ ದಮ್ಮು ಪಿಡುಗಿನದೋ, ಕ್ಷಯದ್ದೋ, ಕಲ್ಲುಗಣಿಯ ಧೂಳಿನದೋ ಕೇಳುವವರಿಲ್ಲ.

ಇದು ಹೊಸ ಸಮಸ್ಯೆಯಲ್ಲ. 1918ರ ಇನ್‌ಫ್ಲುಯೆಂಜಾ ಬಂದಾಗ ಬ್ರಿಟಿಷ್ ಇಂಡಿಯಾದ ಹಳ್ಳಿಗಳಲ್ಲಿ ಮರಣದ ಸುದ್ದಿ ಕೊಡುತ್ತಿದ್ದವನು ಊರ ಕಾವಲುಗಾರ. ಆ ಸಾವುಗಳಲ್ಲಿ ಬಹುಪಾಲು ‘ಜ್ವರ’ದ ಅಂಕಣವನ್ನು ಸೇರಿದುವು, ಶ್ವಾಸಕೋಶದ ರೋಗಗಳ ಅಂಕಣಕ್ಕೆ ಬಂದುದು ಸ್ವಲ್ಪವೇ. ನಮ್ಮ ಜಿಲ್ಲೆಯು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1911ರಲ್ಲಿ ಸುಮಾರು 1 ಕೋಟಿ 34 ಲಕ್ಷವಿದ್ದ ಜನಸಂಖ್ಯೆಯು 1921ರ ಜನಗಣತಿಯಲ್ಲಿ 1 ಕೋಟಿ 25 ಲಕ್ಷಕ್ಕೆ ಇಳಿದಿದ್ದಿತು. ಕ್ಷಾಮವೂ ಇದಕ್ಕೆ ಕಾರಣವಾಗಿದ್ದರೂ ಜ್ವರದ ಪಾಲು ದೊಡ್ಡದು.

ಹಾಗಾದರೆ ಪಿಡುಗನ್ನು ಅಳೆಯುವ ಬಗೆ ಯಾವುದು? ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ತಿಳಿದುದೇ. ಗೈಗರ್ ಗಣಕದ ಮುಂದೆ ವಿಕಿರಣಶೀಲ ವಸ್ತುವನ್ನಿಡುವ ಮೊದಲೇ ಅದು ಟಿಕ್ ಟಿಕ್ ಎನ್ನುತ್ತಿರುತ್ತದೆ. ಆ ಹಿನ್ನೆಲೆಯ ಎಣಿಕೆಯನ್ನು ಕಳೆದರಷ್ಟೇ ವಸ್ತುವಿನ ಎಣಿಕೆ ದೊರೆಯುವುದು. ಹಾಗೆಯೇ ಪಿಡುಗಿನ ವರ್ಷದ ಎಲ್ಲ ಮರಣಗಳಿಂದ ಸಾಮಾನ್ಯ ವರ್ಷಗಳ ಸರಾಸರಿಯನ್ನು ಕಳೆದರೆ ಉಳಿಯುವುದು ‘ಅಧಿಕ ಮರಣ’.

ಒಂದೇ ಅಂಕಣವನ್ನು ನೋಡಿದರೆ ಮೋಸಹೋಗುವೆವು. 2020ರಲ್ಲಿ ಮುಖಗವಸು, ಅಂತರ, ಪ್ರಯಾಣದ ನಿರ್ಬಂಧ ಇವುಗಳಿಂದ ಇನ್‌ಫ್ಲುಯೆಂಜಾ ಜಗತ್ತಿನಲ್ಲೆಲ್ಲ ಬಹುಮಟ್ಟಿಗೆ ಅಡಗಿತು. ಅದರ ಬಿ-ಯಮಗಾಟ ಎಂಬ ಪ್ರಭೇದವು 2020ರ ಮಾರ್ಚಿನಿಂದೀಚೆಗೆ ಖಚಿತವಾಗಿ ಕಂಡುಬಂದೇ ಇಲ್ಲ. ಇತ್ತ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ಡಿಗೆ ಶ್ವಾಸಕೋಶದ ರೋಗಗಳಿಂದ ಬೇರೆಯಾದ ಸಂಕೇತವನ್ನು ಕೊಟ್ಟಿತು. ಆದುದರಿಂದ ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ಒಟ್ಟು ಮರಣಗಳು ಏರಿದ ಅದೇ ವರ್ಷ ಇನ್‌ಫ್ಲುಯೆಂಜಾ ಮತ್ತು ನ್ಯುಮೋನಿಯಾಗಳ ಮರಣಗಳು ಇಳಿದುವು!

ಭಾರತದಲ್ಲಿ 2020ರಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಮರಣಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದುದು ಶೇಕಡ 22.5 ಮಾತ್ರ. ಇವುಗಳಲ್ಲಿ ಶ್ವಾಸಕೋಶದ ರೋಗಗಳ ಪಾಲು ಶೇಕಡ 10, ಕೋವಿಡ್ಡಿನದು 8.9. ಉಳಿದ ಮುಕ್ಕಾಲು ಪಾಲಿಗಿಂತ ಹೆಚ್ಚಿನ ಮರಣಗಳ ಬಗ್ಗೆ ಈ ಶೇಕಡಗಳು ಏನನ್ನೂ ಹೇಳವು. 2021ರಲ್ಲಿ ನೋಂದಣಿಯು 1 ಕೋಟಿ 2 ಲಕ್ಷಕ್ಕೆ ಏರಿತು. ಎರಡು ವರ್ಷಗಳ ಅಧಿಕ ಮರಣ ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತು. ಆ ವಿಧಾನವನ್ನು ನಮ್ಮ ಸರ್ಕಾರ ಒಪ್ಪಲಿಲ್ಲ. ಲೆಕ್ಕವು ಪೂರ್ಣವಾಗಿದ್ದಿದ್ದರೆ ಈ ವಾದಕ್ಕೆ ಇಷ್ಟು ಎಡೆಯಿರುತ್ತಿರಲಿಲ್ಲ.

ಇದು ಪಂಡಿತರ ಜಗಳವಷ್ಟೇ ಅಲ್ಲ. ಕೋವಿಡ್ಡಿನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಕೊಡುವ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರಿನಲ್ಲಿ ಒಪ್ಪಿತು. ಪರೀಕ್ಷೆಯನ್ನೇ ಕಾಣದೆ ಸತ್ತವನ ಮನೆಯವರು ಯಾವ ಕಾಗದವನ್ನು ತೋರಿಸಬೇಕು?

ಮನೆಯಲ್ಲಿ ಸತ್ತವರ ಬಂಧುಗಳನ್ನು ಕ್ರಮವಾಗಿ ವಿಚಾರಿಸಿ ಕಾರಣವನ್ನು ನಿರ್ಧರಿಸುವ ಪದ್ಧತಿಯು ನಮ್ಮ ದೇಶದ ಮಾದರಿ ನೋಂದಣಿಯಲ್ಲಿ ಬಳಕೆಯಲ್ಲಿದೆ. ಅದನ್ನು ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳಾದರೋ, ಶೇಕಡಾವಾರು ಅಂಕಿಯನ್ನು ಕಂಡೊಡನೆ ‘ಎಷ್ಟರಲ್ಲಿ ಶೇಕಡ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಲಿ. ಮುಂದಿನ ಪಿಡುಗು ಬರುವ ಮೊದಲೇ ಹಿನ್ನೆಲೆಯ ಎಣಿಕೆ ನಮ್ಮ ಕೈಯಲ್ಲಿರಬೇಕು. ಬಂದ ಮೇಲೆ ಅದನ್ನು ಅಳೆಯಲಾಗದು.