ಕಾಡಿನ ಕಾಯಿ, ನಾಡಿನ ಕಾಯಿದೆ

ಪಟ್ಟಣದ ಮಧ್ಯಮವರ್ಗದ ಯಾವ ಮನೆಯನ್ನೇ ನೋಡಿದರೂ ಕಾಡು ಅದರ ಒಂದು ಮೂಲೆಯಲ್ಲಿ ಮನೆಮಾಡಿಕೊಂಡಿರುತ್ತದೆ. ಎಣ್ಣೆನೀರಿನ ದಿನ ಬಚ್ಚಲಿಗೆ ಬರುವ ಸೀಗೆಪುಡಿ, ರೇಷ್ಮೆ ಸೀರೆಯ ಕೊಳೆ ತೆಗೆಯುವ ಅಂಟುವಾಳ, ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವು, ಅಜ್ಜನ ಕೆಮ್ಮಿನ ಕಷಾಯಕ್ಕೆ ಬೆರೆಯುವ ಜೇನು, ಊಟದೆಲೆಯ ತುದಿಯಲ್ಲಿ ಘಮಘಮಿಸುವ ಮಾಗಳಿಬೇರಿನ ಉಪ್ಪಿನಕಾಯಿ—ಇವುಗಳಲ್ಲಿ ಬಹುಪಾಲು ಉತ್ತು ಬಿತ್ತಿ ಬೆಳೆದವಲ್ಲ. ಯಾರೋ ಒಬ್ಬರು ಮರವೇರಿ, ಬಂಡೆಯಿಂದ ಇಳಿದು, ನೆಲವನ್ನು ಅಗೆದು ತಂದವು. ಅಂಗಡಿಯಾತ ಕಾಗದದಲ್ಲಿ ಕಟ್ಟಿ ಕೊಟ್ಟ ಪೊಟ್ಟಣದ ಮೇಲೆ ಅವರ ಗುರುತು ಇರುವುದಿಲ್ಲ. ಆದರೆ ಆ ಪೊಟ್ಟಣ ಮನೆಯನ್ನು ಸೇರುವ ಮೊದಲು ಎಷ್ಟು ಕಾಯಿದೆಗಳನ್ನೂ ಎಷ್ಟು ರಸೀದಿಗಳನ್ನೂ ದಾಟಿ ಬಂದಿದೆ ಎಂಬುದನ್ನು ತಿಳಿದರೆ ಗೃಹಿಣಿಯರಿಗೆ ಆಶ್ಚರ್ಯವಾದೀತು.

ಸರ್ಕಾರದ ಭಾಷೆಯಲ್ಲಿ ಈ ವಸ್ತುಗಳಿಗೆಲ್ಲ ‘ಕಿರು ಅರಣ್ಯ ಉತ್ಪನ್ನ’ವೆಂದು ಹೆಸರು. ತೇಗ, ಬೀಟೆ, ಹೊನ್ನೆಗಳ ಮುಂದೆ ನೆಲ್ಲಿಕಾಯಿ ಕಿರಿದಾಗಿ ಕಂಡದ್ದು ಸಹಜವೇ. ಮರವನ್ನು ಕಡಿದು ಹರಾಜು ಹಾಕುವವರ ಲೆಕ್ಕದಲ್ಲಿ ಅದು ಕಿರಿದು. ಕಾಡಿನಲ್ಲಿ ಬಾಳುವವರ ಲೆಕ್ಕದಲ್ಲಿ ಅದೇ ಹಿರಿದು. ಆದರೆ ಕಿರಿದೆಂದು ಕರೆದ ಮಾತ್ರಕ್ಕೆ ಸರ್ಕಾರವು ಇದನ್ನು ಕೈಬಿಡಲಿಲ್ಲ. 1927ರ ಭಾರತೀಯ ಅರಣ್ಯ ಅಧಿನಿಯಮವು ‘ಅರಣ್ಯೋತ್ಪನ್ನ’ ಎಂಬ ಮಾತಿಗೆ ಕೊಟ್ಟ ಅರ್ಥವಿವರಣೆಯಲ್ಲಿ ಎಲೆ, ಹೂವು, ಹಣ್ಣು, ತೊಗಟೆ, ಅಂಟು, ಅರಗು, ಜೇನು, ಮೇಣ ಎಲ್ಲವೂ ಅಡಗಿವೆ. ಮೈಸೂರು ರಾಜ್ಯ ತನ್ನದೇ ಆದ ಅರಣ್ಯ ಅಧಿನಿಯಮವನ್ನು 1963ರಲ್ಲಿ ರೂಪಿಸಿಕೊಂಡಾಗಲೂ ಈ ಭಾವನೆಯೇ ಮುಂದುವರಿಯಿತು. ಮೀಸಲು ಅರಣ್ಯದ ಗಡಿಯೊಳಗೆ ದುಂಬಿ ಕಟ್ಟಿದ ಗೂಡಾಗಲಿ, ಗಾಳಿ ಉದುರಿಸಿದ ಕಾಯಾಗಲಿ, ಅಪ್ಪಣೆಯಿಲ್ಲದೆ ಎತ್ತಿದವನು ಅಪರಾಧಿಯಾದನು. ನಿನ್ನೆಯವರೆಗೆ ಅವನ ತಾತ ಮುತ್ತಾತಂದಿರು ಮಾಡುತ್ತ ಬಂದ ಕೆಲಸವೇ ಇಂದು ಕಳವೆನಿಸಿತು.

ಕಾಯಿದೆಯ ಒಡೆತನ ಬಂದಮೇಲೆ ವ್ಯಾಪಾರದ ಏರ್ಪಾಡೂ ಬರಬೇಕಷ್ಟೆ. ಮಲೆನಾಡಿನ ಕಡೆ ಬಹುಕಾಲ ನಡೆದುಬಂದ ರೂಢಿಯೆಂದರೆ ಗುತ್ತಿಗೆ. ಇಂತಿಂಥ ವಲಯದಲ್ಲಿ ಸೀಗೆ, ಅಂಟುವಾಳ, ಉಪ್ಪಾಗೆ, ರಾಮಪತ್ರೆಗಳನ್ನು ಸಂಗ್ರಹಿಸುವ ಹಕ್ಕನ್ನು ಅರಣ್ಯ ಇಲಾಖೆ ಟೆಂಡರಿಗೆ ಇಡುತ್ತದೆ. ಹೆಚ್ಚು ಹಣ ಕೂಗಿದ ಕಂತ್ರಾಟುದಾರನಿಗೆ ಒಂದೆರಡು ವರ್ಷದ ಮಟ್ಟಿಗೆ ಆ ಕಾಡಿನ ಕಾಯಿ ಸಲ್ಲುತ್ತದೆ. ಅವನ ಕಡೆಯವರು ಊರೂರಿಗೆ ಬಂದು, ಕಾಯಿ ಕಿತ್ತು ತಂದವರಿಂದ ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಎರಡು ವರ್ಷದ ಒಡೆಯನಿಗೆ ಮೂರನೆಯ ವರ್ಷದ ಮರದ ಯೋಚನೆ ಏಕೆ? ಕಿತ್ತು ತರುವವನಿಗೂ ಕಾಯುವ ಧೈರ್ಯವಿಲ್ಲ. ತಾನು ಬಿಟ್ಟ ಎಳೆಯ ಕಾಯನ್ನು ನಾಳೆ ಮತ್ತೊಬ್ಬನು ಕೀಳುತ್ತಾನೆ. ಹೊರದೇಶಗಳಲ್ಲಿ ಮೈ ಇಳಿಸುವ ಗುಳಿಗೆಗಳಿಗೆ ಉಪ್ಪಾಗೆಯ ಸಿಪ್ಪೆಯ ಸಾರ ಬೇಕೆಂದು 1990ರ ದಶಕದಲ್ಲಿ ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಇದೇ ಆಯಿತು. ಹಣ್ಣು ಮಾಗುವ ಮೊದಲೇ ಕೊಯ್ಲು. ಕೈಗೆಟುಕದ ಕೊಂಬೆಗೆ ಕತ್ತಿ. ಸಿಪ್ಪೆಯನ್ನು ಮಳೆಗಾಲದಲ್ಲಿ ಒಣಗಿಸಲು ರಾಶಿ ರಾಶಿ ಸೌದೆ. ಅಲ್ಲೆಲ್ಲೋ ಒಬ್ಬರ ಮೈ ಇಳಿಯಲೆಂದು ಇಲ್ಲಿ ಮರದ ಮೈ ಸೊರಗಿತು.

ಮಧ್ಯವರ್ತಿಯೇ ಎಲ್ಲ ಕೇಡಿಗೂ ಮೂಲವೆಂದು ಭಾವಿಸಿ ಅವನನ್ನು ದೂರ ಮಾಡಲು ಹೊರಟ ಸರ್ಕಾರಗಳೂ ಉಂಟು. ಬೀಡಿ ಸುತ್ತುವ ತೆಂಡು ಎಲೆಯ ವ್ಯಾಪಾರವನ್ನು ಮಧ್ಯಪ್ರದೇಶ ಸರ್ಕಾರ 1964ರಲ್ಲಿ ಕಾಯಿದೆ ಮಾಡಿ ತನ್ನ ಕೈಗೆ ತೆಗೆದುಕೊಂಡಿತು. ನಮ್ಮ ನಾಡಿನಲ್ಲಿ ಗಿರಿಜನರಿರುವ ಕಡೆಗಳಲ್ಲಿ ಹಿಡಿದ ದಾರಿ ಸಹಕಾರ ಸಂಘದ್ದು. ‘ಲ್ಯಾಂಪ್ಸ್’ ಎಂದು ಜನ ಕರೆಯುವ ದೊಡ್ಡ ಪ್ರಮಾಣದ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘಗಳು ಹೀಗೆ ಹುಟ್ಟಿದುವು. ಕಂತ್ರಾಟುದಾರನಿಗೆ ಹೋಗುತ್ತಿದ್ದ ಹಕ್ಕು ಸಂಘಕ್ಕೆ ಬಂದಿತು. ಸಂಘವು ಇಲಾಖೆಗೆ ರಾಜಧನ ಕಟ್ಟುವುದು, ಸದಸ್ಯರಿಂದ ಕಾಯಿ, ಜೇನು, ಪಾಚಿಗಳನ್ನು ಕೊಂಡು ವರ್ತಕರಿಗೆ ಮಾರುವುದು, ಮಿಕ್ಕ ಲಾಭ ಸದಸ್ಯರಿಗೆ ಹಂಚುವುದು—ಕಾಗದದ ಮೇಲೆ ಇಷ್ಟು ಸುಂದರವಾದ ಏರ್ಪಾಡು ಇನ್ನೊಂದಿರಲಾರದು.

ಈ ಏರ್ಪಾಡಿನ ಸುಖದುಃಖಗಳನ್ನೆಲ್ಲ ಒಂದೇ ಕಡೆ ಕಾಣಬೇಕಾದರೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿಯ ಸೋಲಿಗರಿಗೆ ಬೆಟ್ಟದ ರಂಗನಾಥ ಕೇವಲ ದೇವರಲ್ಲ, ಭಾವ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದನೆಂಬ ಐತಿಹ್ಯದಿಂದ ಬಂದ ನೆಂಟಸ್ತಿಕೆ ಅದು. ದೇವರೇ ಮನೆಯ ಅಳಿಯನಾಗಿರುವಲ್ಲಿ ಕಾಡು ಬೇರೆಯವರದೆಂದು ಅವರಿಗೆ ಹೇಗೆ ತೋರೀತು? 1974ರಲ್ಲಿ ಈ ಬೆಟ್ಟಸಾಲು ವನ್ಯಧಾಮವೆಂದು ಘೋಷಿತವಾಯಿತು. ಕಾಡನ್ನು ಅಲ್ಲಲ್ಲಿ ಸವರಿ, ರಾಗಿ ಬೆಳೆದು, ಮತ್ತೆ ನೆಲವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುತ್ತಿದ್ದ ಅವರ ಹಳೆಯ ಬೇಸಾಯ ನಿಂತು, ಪೋಡುಗಳೆಂಬ ಹಟ್ಟಿಗಳಲ್ಲಿ ಒಂದೆಡೆ ನೆಲೆಸಬೇಕಾಯಿತು. ಹೊಲ ಕಿರಿದಾದುದರಿಂದ ಜೇನು, ನೆಲ್ಲಿ, ಪಾಚಿಗಳೇ ಕೈಗೆ ಕಾಸು ತರುವ ಬೆಳೆಗಳಾದುವು. ಅವರ ನಗದು ವರಮಾನದಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಕಾಡಿನ ಉತ್ಪನ್ನಗಳಿಂದಲೇ ಬರುತ್ತಿತ್ತೆಂದು 1990ರ ದಶಕದ ಅಧ್ಯಯನವೊಂದು ಲೆಕ್ಕ ಹಾಕಿತು.

ಹಣ ಬರುವ ಬಗೆ ಸುಲಭದ್ದಲ್ಲ. ಹೆಜ್ಜೇನು ಕಟ್ಟುವುದು ಮುಗಿಲೆತ್ತರದ ಮರದ ಕೊಂಬೆಗೆ, ಇಲ್ಲವೆ ಕಡಿದಾದ ಬಂಡೆಯ ನೆತ್ತಿಗೆ. ಬೇಸಗೆಯ ಕತ್ತಲ ರಾತ್ರಿ, ಹೊಗೆಯ ಸೂಡಿ ಹಿಡಿದು ಒಬ್ಬನು ಏರಬೇಕು. ಕೆಳಗೆ ನಿಂತವರು ಹಾಡಿ ಅವನಿಗೆ ಧೈರ್ಯ ತುಂಬಬೇಕು. ಹುಟ್ಟಿನಲ್ಲಿ ಒಂದಷ್ಟನ್ನು ಬಿಟ್ಟು ಬರುವುದು ಹಿರಿಯರ ಕಟ್ಟಳೆ. ಇಷ್ಟು ಮಾಡಿ ಇಳಿಸಿದ ಜೇನನ್ನು ಸಂಘದ ತಕ್ಕಡಿಗೆ ಹಾಕಿದಮೇಲೆ ಬೆಲೆ ಹೇಳುವವನು ಮಾತ್ರ ಏರಿದವನಲ್ಲ. ಬೆಲೆ ಮೊದಲೇ ಗೊತ್ತಾಗಿರುತ್ತದೆ. ಸಂಘದ ಆಡಳಿತಕ್ಕೆ ಇಲಾಖೆಯಿಂದ ಬಂದ ಅಧಿಕಾರಿ. ಕೊಳ್ಳುವವರೋ ಬೆರಳೆಣಿಕೆಯ ವರ್ತಕರು. ಕಾಯಿ ಕೊಳೆಯುವ ವಸ್ತು, ಕೂಡಿಡುವ ಉಗ್ರಾಣವಿಲ್ಲ. ವರ್ತಕ ಹೇಳಿದ್ದೇ ಬೆಲೆಯಾಗಲು ಇನ್ನೇನು ಬೇಕು? ಒಡೆಯ ಬದಲಾದರೂ ಕೀಳುವವನು ಕೂಲಿಯಾಗಿಯೇ ಉಳಿದನು. ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಸಂಶೋಧಕರೂ ಕೂಡಿ, ಜೇನನ್ನು ಸೋಸಿ ಸೀಸೆಗೆ ತುಂಬುವ, ನೆಲ್ಲಿಯನ್ನು ಉಪ್ಪಿನಕಾಯಿ ಮಾಡುವ ಕೆಲಸವನ್ನು ಬೆಟ್ಟದಲ್ಲಿಯೇ ತೊಡಗಿಸಿದ್ದು ಈ ಕಾರಣದಿಂದ. ಹಸಿಯಾಗಿ ಮಾರಿದರೆ ಬಿಡಿಗಾಸು, ಹದಮಾಡಿ ಮಾರಿದರೆ ಇಡಿಗಾಸು ಎಂಬುದು ಯಾವ ಅಂಗಡಿಯವನಿಗೂ ತಿಳಿದ ಪಾಠ.

ಹೀಗೆ ವರ್ಷವರ್ಷವೂ ಕಿತ್ತು ತಂದರೆ ಕಾಡು ಉಳಿದೀತೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಂದೇ ಉತ್ತರವಿಲ್ಲ, ವಸ್ತುವಿಗೊಂದು ಉತ್ತರ. ಮಾಗಳಿಯ ಬೇರನ್ನು ಅಗೆದರೆ ಬಳ್ಳಿಯೇ ಹೋಯಿತು. ಉಪ್ಪಿನಕಾಯಿಯ ರುಚಿಗೆ ಮನಸೋತ ನಾಡು ಆ ಬಳ್ಳಿಯನ್ನು ಅಳಿವಿನ ಅಂಚಿಗೆ ತಂದಿದೆಯೆಂಬುದನ್ನು ಒಪ್ಪಲೇಬೇಕು. ನೆಲ್ಲಿಯ ಕಥೆ ಬೇರೆ. ಕೊಂಬೆ ಮುರಿಯದೆ ಕಾಯನ್ನು ಕಿತ್ತರೆ ಮರಕ್ಕೆ ಧಕ್ಕೆಯಿಲ್ಲ. ಬೆಟ್ಟದ ನೆಲ್ಲಿಮರಗಳನ್ನು ವರ್ಷಗಟ್ಟಲೆ ಎಣಿಸಿ ನೋಡಿದವರಿಗೆ ಅಲ್ಲಿ ದೊಡ್ಡ ಶತ್ರುಗಳಾಗಿ ಕಂಡದ್ದು ಕಾಯಿ ಕೀಳುವ ಕೈಗಿಂತ ಹೆಚ್ಚಾಗಿ ಮರದ ಮೇಲೆ ಹಬ್ಬಿ ರಸ ಹೀರುವ ಬಂದಳಿಕೆ ಮತ್ತು ನೆಲವನ್ನೆಲ್ಲ ಮುಚ್ಚುವ ಲಂಟಾನದ ಪೊದೆ. 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಸುಮಾರು ಇಮ್ಮಡಿ ಕಡೆಗಳಿಗೆ ಹಬ್ಬಿತ್ತು. ಬೇಸಗೆಯ ಮೊದಲಲ್ಲಿ ತರಗಿಗೆ ಹಗುರವಾಗಿ ಬೆಂಕಿಯಿಡುವ ತಮ್ಮ ಹಳೆಯ ಪದ್ಧತಿಯನ್ನು ಇಲಾಖೆ ನಿಲ್ಲಿಸಿದ್ದರಿಂದಲೇ ಈ ಪೊದೆಯೂ ಬಂದಳಿಕೆಯೂ ಬೆಳೆದುವೆಂದು ಸೋಲಿಗರ ಹಿರಿಯರು ವಾದಿಸುತ್ತಾರೆ. ಮರವೇರಿ ಕಾಯಿ ಕೀಳುವವನು ಬಂದಳಿಕೆಯನ್ನೂ ಕಡಿದು ಕೆಳಕ್ಕೆ ಹಾಕಬಲ್ಲ. ಮರದ ಹತ್ತಿರ ಹೋಗಬೇಡವೆಂದು ತಡೆದರೆ ಅದನ್ನು ಮಾಡುವವರಾರು?

ತಡೆ ಬಂದೇಬಂದಿತು. ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ 2002ರಲ್ಲಿ ಆದ ತಿದ್ದುಪಡಿ, ವನ್ಯಧಾಮದೊಳಗಿನ ಯಾವ ಉತ್ಪನ್ನವನ್ನೂ ಮಾರಾಟಕ್ಕಾಗಿ ತೆಗೆಯಬಾರದೆಂದು ವಿಧಿಸಿತು. ಮನೆಯ ಬಳಕೆಗೆ ಒಂದಿಷ್ಟು ತರಬಹುದು, ತಕ್ಕಡಿಗೆ ಹಾಕುವಂತಿಲ್ಲ. 2006ರ ಹೊತ್ತಿಗೆ ಬಿಳಿಗಿರಿಯಲ್ಲಿ ಸಂಗ್ರಹ ನಿಂತಿತು. ಬೇಸಾಯವನ್ನು ಬಿಡಿಸಿ ಕಾಯಿಯನ್ನು ತೋರಿಸಿದ್ದ ಕಾಯಿದೆಯೇ ಈಗ ಕಾಯಿಯನ್ನೂ ಬಿಡಿಸಿತು. ಕಾಫಿ ತೋಟದ ಕೂಲಿಗೋ ಬೆಟ್ಟದ ಕೆಳಗಿನ ಊರುಗಳಿಗೋ ಜನ ಹೊರಟರು. ಕಾಡನ್ನು ಬಲ್ಲವರು ಕಾಡನ್ನು ಬಿಟ್ಟು ಹೋದದ್ದರಿಂದ ಕಾಡಿಗಾದ ನಷ್ಟವನ್ನು ಯಾವ ವರದಿಯೂ ಅಳೆಯಲಾರದು. ಗಂಡಸರು ಕೂಲಿಗೆ ಹೋದ ಮನೆಯ ಹುಡುಗನಿಗೆ ಯಾವ ಹೂವು ಬಿಟ್ಟಾಗ ಹೆಜ್ಜೇನು ಬರುತ್ತದೆಂದು ಹೇಳಿಕೊಡುವವರಾರು?

ವಿಚಿತ್ರವೆಂದರೆ ಅದೇ 2006ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆಯನ್ನು ಅಂಗೀಕರಿಸಿತು. ಅರಣ್ಯಹಕ್ಕು ಕಾಯಿದೆಯೆಂದು ಹೆಸರಾದ ಅದು, ಗಿರಿಜನರಿಗೆ ಹಿಂದೆ ಅನ್ಯಾಯವಾಗಿದೆಯೆಂಬುದನ್ನು ಪೀಠಿಕೆಯಲ್ಲಿಯೇ ಒಪ್ಪಿಕೊಂಡಿತು. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಉತ್ಪನ್ನಗಳ ಮೇಲೆ ಅವರಿಗೆ ಒಡೆತನವೇ ಉಂಟು; ತರುವುದಕ್ಕೂ ಬಳಸುವುದಕ್ಕೂ ಮಾರುವುದಕ್ಕೂ ಹಕ್ಕುಂಟು ಎಂದು ಸಾರಿತು. ಬಿದಿರು, ಬೆತ್ತ, ಜೇನು, ಮೇಣ, ಗೆಡ್ಡೆಗೆಣಸು ಎಲ್ಲವೂ ಆ ಪಟ್ಟಿಯಲ್ಲಿದ್ದುವು. ಬಿಳಿಗಿರಿಯನ್ನು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಸೋಲಿಗರು ಮತ್ತೆ ಅಂಜಿದರು. ಆದರೆ ಸಭೆ ಸೇರಿದರು, ತಮ್ಮ ದೇವರು, ಬನ, ಕಲ್ಲುಗುಡಿಗಳ ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸಿದರು, ಅರ್ಜಿ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ಬಂದುವು. ಹುಲಿಯ ಕಾಡಿನೊಳಗೆ ಮನುಷ್ಯರಿಗೂ ಹಕ್ಕುಂಟೆಂದು ಬರೆದುಕೊಟ್ಟ ಮೊದಲ ನಿದರ್ಶನವೆಂದು ದೇಶವೆಲ್ಲ ಅದನ್ನು ಗಮನಿಸಿತು.

ಅಲ್ಲಿಗೆ ಕಥೆ ಸುಖಾಂತವಾಯಿತೆಂದು ಹೇಳಿಬಿಟ್ಟರೆ ಅವಸರವಾದೀತು. ಹಕ್ಕುಪತ್ರ ಕಾಯನ್ನು ಕೊಟ್ಟಿತು, ಪೇಟೆಯನ್ನು ಕೊಡಲಿಲ್ಲ. ಒಡೆತನವುಳ್ಳವನು ತನ್ನ ಮಾಲನ್ನು ತನಗೆ ಬೇಕಾದವರಿಗೆ ಮಾರಬೇಕು. ಸಾಗಿಸಲು ಬೇರೊಬ್ಬರ ರಹದಾರಿಗಾಗಿ ಕೈಚಾಚಬಾರದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾಲೇಖಾ ಎಂಬ ಪುಟ್ಟ ಹಳ್ಳಿ ಇದಕ್ಕಾಗಿಯೇ ಹಟ ಹಿಡಿಯಿತು. 2009ರಲ್ಲಿ ಕಾಡಿನ ಹಕ್ಕು ದೊರೆತಿದ್ದರೂ ತನ್ನ ಬಿದಿರನ್ನು ತಾನೇ ಮಾರಲು ರಹದಾರಿಯಿರಲಿಲ್ಲ. 2011ರ ಏಪ್ರಿಲಿನಲ್ಲಿ ಅಂದಿನ ಕೇಂದ್ರ ಸಚಿವ ಜೈರಾಂ ರಮೇಶ್ ತಾವೇ ಹಳ್ಳಿಗೆ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಒಪ್ಪಿಸಬೇಕಾಯಿತು. 2012ರಲ್ಲಿ ನಿಯಮಗಳನ್ನು ತಿದ್ದಿ, ಇಂಥ ರಹದಾರಿಯನ್ನು ಗ್ರಾಮಸಭೆ ನೇಮಿಸಿದ ಸಮಿತಿಯೇ ಕೊಡಬಹುದೆಂದು ಮಾಡಲಾಯಿತು. 2013–14ರಿಂದ ಕೆಲವು ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯನ್ನು ಗೊತ್ತುಮಾಡುವ ಯೋಜನೆಯನ್ನೂ ಕೇಂದ್ರ ಸರ್ಕಾರ ತಂದಿತು. ಒಂದೊಂದೂ ಒಳ್ಳೆಯ ಹೆಜ್ಜೆಯೇ. ಆದರೆ ಬೆಲೆಯ ಪಟ್ಟಿ ಕಚೇರಿಯಲ್ಲಿದ್ದು ಕೊಳ್ಳುವವನು ಹಟ್ಟಿಯ ಬಾಗಿಲಿಗೆ ಬಾರದೆಹೋದರೆ ಪಟ್ಟಿಯಿಂದ ಹೊಟ್ಟೆ ತುಂಬುವುದಿಲ್ಲ.

ನೂರು ವರ್ಷಗಳ ಈ ವ್ಯವಹಾರದಿಂದ ತಿಳಿಯುವುದಿಷ್ಟು. ಕಾಡಿನ ಕಾಯಿಗೆ ಕಟ್ಟಳೆ ಬೇಕು, ಸಂದೇಹವಿಲ್ಲ. ಕಟ್ಟಳೆಯಿಲ್ಲದೆ ಹೋದ ಕಡೆ ಮಾಗಳಿಯೂ ಉಪ್ಪಾಗೆಯೂ ಪಟ್ಟ ಪಾಡು ಕಣ್ಣ ಮುಂದಿದೆ. ಆದರೆ ಕಟ್ಟಳೆ ಮಾಡುವವನು ಯಾರು, ಅದರ ಲಾಭ ಯಾರಿಗೆ ಎಂಬುದೇ ಮುಖ್ಯವಾದ ಮಾತು. ಮುಂದಿನ ವರ್ಷವೂ ಇದೇ ಮರದ ಕೆಳಗೆ ಬಂದು ನಿಲ್ಲಲೇಬೇಕಾದವನಿಗೆ ಕೊಂಬೆ ಮುರಿಯಬೇಡವೆಂದು ಬುದ್ಧಿ ಹೇಳಬೇಕಾಗುವುದಿಲ್ಲ. ಇನ್ನೆರಡು ವರ್ಷಕ್ಕೆ ಹೊರಟುಹೋಗುವವನಿಗೆ ಎಷ್ಟು ಹೇಳಿದರೂ ನಾಟುವುದಿಲ್ಲ.

ಪಟ್ಟಣದ ಸಂಸಾರಗಳಿಗೂ ಇದರಲ್ಲಿ ಒಂದು ಪಾಲುಂಟು. ಗಿರಿಜನರ ಸಂಘಗಳೇ ಸೋಸಿ ತುಂಬಿದ ಜೇನು ಪೇಟೆಯಲ್ಲಿ ದೊರೆತಾಗ, ಪಕ್ಕದ ಸೀಸೆಗಿಂತ ನಾಲ್ಕು ಕಾಸು ಹೆಚ್ಚೆಂದು ಅದನ್ನು ಹಿಂದಕ್ಕೆ ಇಡುವ ಮೊದಲು ಒಂದು ಕ್ಷಣ ಯೋಚಿಸಬಹುದು. ಮಾಗಳಿಬೇರು ಕೊಳ್ಳುವಾಗ ಅದು ಕಾಡಿನಿಂದ ಅಗೆದದ್ದೋ ತೋಟದಲ್ಲಿ ಬೆಳೆದದ್ದೋ ಎಂದು ಅಂಗಡಿಯಾತನನ್ನು ಕೇಳಬಹುದು. ನಾಲ್ಕು ಮಂದಿ ಕೇಳಿದರೆ ಅವನೂ ತನಗೆ ಮಾಲು ತಂದವನನ್ನು ಕೇಳಿಯಾನು. ಹೀಗೆ ಕೈಯಿಂದ ಕೈಗೆ ಹಿಂದೆ ಸರಿಯುತ್ತ ಹೋದರೆ ಆ ಪ್ರಶ್ನೆ ಒಂದು ದಿನ ಬೆಟ್ಟದ ಮೇಲಿನ ತಕ್ಕಡಿಯನ್ನು ಮುಟ್ಟುವುದು. ಅಲ್ಲಿ ಬೆಲೆ ಹೇಳುವ ಬಾಯಿ, ಮರವೇರಿ ಇಳಿದವನದೇ ಆಗಿರಬೇಕು.