ಎಕ್ಸ್‌ಎಂಎಲ್ ಓದುವಾಗ ಇಡೀ ಮರ ಕಟ್ಟಲೇಬೇಕೆ?

ಎಕ್ಸ್‌ಎಂಎಲ್ ಫೈಲನ್ನು ಪಾರ್ಸರ್ ಕೈಗೆ ಕೊಟ್ಟರೆ ಅದು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಮುಖ್ಯವಾಗಿ ಮೂರು ಬಗೆಯ ಸುದ್ದಿ ಮುಟ್ಟಿಸುತ್ತದೆ: ಟ್ಯಾಗ್ ತೆರೆಯಿತು, ಇಷ್ಟು ಪಠ್ಯ ಸಿಕ್ಕಿತು, ಟ್ಯಾಗ್ ಮುಚ್ಚಿತು. ಕೋಡ್ ಬರೆಯುವವರು ಇವನ್ನು ಇವೆಂಟ್ ಎನ್ನುತ್ತಾರೆ. ಇವೆಂಟ್‌ಗಳನ್ನೆಲ್ಲ ಕೂಡಿಸಿ ಮೆಮೊರಿಯಲ್ಲಿ ಒಂದು ಮರ ಕಟ್ಟಿಕೊಂಡು, ಆಮೇಲೆ ಅದರ ಮೇಲೆ ಕೆಲಸ ಶುರು ಮಾಡುವುದು ಒಂದು ದಾರಿ. ಇವೆಂಟ್ ಬಂದ ಹಾಗೇ ಬೇಕಾದ್ದನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು ಇನ್ನೊಂದು. ಎಕ್ಸ್‌ಎಂಎಲ್ 1.0 ಹೊರಬಿದ್ದದ್ದು 1998ರ ಫೆಬ್ರವರಿಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಇವೆಂಟ್ ದಾರಿಯ ಸ್ಯಾಕ್ಸ್ ಬಂತು, ಅಕ್ಟೋಬರ್‌ನಲ್ಲಿ ಮರದ ದಾರಿಯ ಡಾಮ್ ಬಂತು. ಜಗಳಕ್ಕೂ ಅಷ್ಟೇ ವಯಸ್ಸು. ಎರಡೂ ಕಡೆಯ ವಾದ ಕೆಳಗಿದೆ. ಬರಹ ಎರಡನೆಯದರ ಕಡೆಗೆ ತುಸು ವಾಲಿದೆ ಎಂದು ಯಾರಾದರೂ ದೂರಿದರೆ ಅಲ್ಲಗಳೆಯುವುದಿಲ್ಲ.

ಪರ: ಕಟ್ಟಿ, ಆಮೇಲೆ ಪ್ರಶ್ನೆ ಕೇಳಿ

ಮರ ಕಟ್ಟುವುದೆಂದರೆ ದೊಡ್ಡ ಕೆಲಸ ಎಂದು ಹೆದರುವವರು ಮೊದಲು ಈ ತುಣುಕನ್ನು ನೋಡಲಿ. ಟ್ಯಾಗಿನ ಹೆಸರುಗಳು ಕನ್ನಡದಲ್ಲಿವೆ. ಎಕ್ಸ್‌ಎಂಎಲ್ ಇದಕ್ಕೆ ಮೊದಲಿನಿಂದಲೂ ಅವಕಾಶ ಕೊಟ್ಟಿದೆ, ಬಳಸುವವರು ಕಡಿಮೆ ಅಷ್ಟೇ.

<ವೋಚರ್>
<ಸಾಲು><ಖಾತೆ>ಅಕ್ಕಿ &#38; ಬೇಳೆ</ಖಾತೆ><ಮೊತ್ತ>-4500</ಮೊತ್ತ></ಸಾಲು>
<ಸಾಲು><ಖಾತೆ>ನಗದು</ಖಾತೆ><ಮೊತ್ತ>4500</ಮೊತ್ತ></ಸಾಲು>
</ವೋಚರ್>

ಕೈಯಲ್ಲೊಂದು ಸ್ಟ್ಯಾಕ್ ಇಟ್ಟುಕೊಳ್ಳಿ. ಟ್ಯಾಗ್ ತೆರೆದಾಗ ಹೊಸ ನೋಡ್ ಮಾಡಿ, ಸ್ಟ್ಯಾಕಿನ ತುದಿಯಲ್ಲಿರುವ ನೋಡ್‌ಗೆ ಅದನ್ನು ಮಗುವಾಗಿ ಸೇರಿಸಿ, ನಂತರ ಅದನ್ನೇ ತುದಿಗೆ ಏರಿಸಿ. ಪಠ್ಯ ಬಂದಂತೆಲ್ಲ ಒಂದು ಪಟ್ಟಿಗೆ ಹಾಕುತ್ತಾ ಹೋಗಿ. ಟ್ಯಾಗ್ ಮುಚ್ಚಿದಾಗ ಪಟ್ಟಿಯಲ್ಲಿರುವುದನ್ನು ಜೋಡಿಸಿ ನೋಡ್‌ಗೆ ಕೊಟ್ಟು, ನೋಡನ್ನು ಕೆಳಗಿಳಿಸಿ. ಸ್ಟ್ಯಾಕ್ ಖಾಲಿಯಾಗುವಾಗ ಕೊನೆಯಲ್ಲಿ ಇಳಿದದ್ದೇ ಮರದ ಬೇರು. ಒಂದೇ ಒಂದು ಎಚ್ಚರ ಬೇಕು: ಟ್ಯಾಗ್ ತೆರೆದಾಗಲೂ ಪಠ್ಯದ ಪಟ್ಟಿಯನ್ನು ಖಾಲಿ ಮಾಡಬೇಕು, ಇಲ್ಲದಿದ್ದರೆ ತಾಯಿಯ ಪಠ್ಯ ಮಗುವಿನ ಪಾಲಾಗುತ್ತದೆ. ಇಷ್ಟನ್ನು ಒಂದು ಪುಟದೊಳಗೆ ಬರೆದು ಮುಗಿಸಬಹುದು. ಬರೆಯಲು ಬೇಸರವಾದರೆ ಪೈಥಾನ್‌ನಲ್ಲಿ ಇದು ಸಿದ್ಧವಾಗಿಯೇ ಇದೆ. ಫ್ರೆಡ್ರಿಕ್ ಲುಂಡ್ ಬರೆದ ಎಲಿಮೆಂಟ್‌ಟ್ರೀ 2006ರಲ್ಲಿ ಪೈಥಾನ್ 2.5ರ ಜೊತೆಗೇ ಬಂತು. ಅದರೊಳಗಿನ ಟ್ರೀಬಿಲ್ಡರ್ ಕೆಲಸವೂ ಸ್ಟಾರ್ಟ್, ಡೇಟಾ, ಎಂಡ್ ಎಂಬ ಇವೇ ಮೂರು ಕರೆಗಳ ಮೇಲೆ ನಿಂತಿದೆ. ಸಿ ಭಾಷೆಯ ಲಿಬ್‌ಎಕ್ಸ್‌ಎಂಎಲ್2 ಕೂಡ ಒಳಗೊಳಗೇ ಸ್ಯಾಕ್ಸ್ ಇವೆಂಟ್‌ಗಳಿಂದಲೇ ತನ್ನ ಮರವನ್ನು ಕಟ್ಟುತ್ತದೆ.

ಕಟ್ಟದೆ ಹೋದರೆ ಆಗುವ ಪಾಡು ನೋಡಿ. ಮೇಲಿನ ತುಣುಕಿನಲ್ಲಿ 'ಅಕ್ಕಿ & ಬೇಳೆ' ಎಂಬ ಖಾತೆ ಹೆಸರು ಎಕ್ಸ್‌ಪ್ಯಾಟ್ ಪಾರ್ಸರಿನಿಂದ ಒಂದೇ ಸಲ ಬರುವುದಿಲ್ಲ. 'ಅಕ್ಕಿ ' ಒಂದು ಕರೆ, '&' ಇನ್ನೊಂದು, ' ಬೇಳೆ' ಮೂರನೆಯದು. ಪ್ರತಿ ಕರೆಯಲ್ಲೂ ಹೆಸರನ್ನು ಹೊಸದಾಗಿ ಬರೆದಿಡುವ ಹ್ಯಾಂಡ್ಲರ್ ಇದ್ದರೆ ಖಾತೆ ಪುಸ್ತಕದಲ್ಲಿ ಉಳಿಯುವುದು ಬರೀ ಬೇಳೆ. ಕನ್ನಡದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪೆಟ್ಟೂ ಬೀಳುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. 'ಕ್ಷ' ಎಂಬ ಒಂದು ಒತ್ತಕ್ಷರ ಮೂರು ಸಂಕೇತ, ಅಂದರೆ ಒಂಬತ್ತು ಬೈಟ್. ಪಾರ್ಸರ್ ಒಂದು ಸಂಕೇತದ ನಡುವೆ ಕತ್ತರಿಸುವುದಿಲ್ಲ, ನಿಜ. ಆದರೆ ಬಫರಿನ ಅಂಚು ಅಲ್ಲಿಗೇ ಬಿದ್ದರೆ 'ಕ್' ಒಂದು ಕರೆಯಲ್ಲಿ, 'ಷ' ಮುಂದಿನ ಕರೆಯಲ್ಲಿ ಬರಲು ಅಡ್ಡಿಯೇನಿಲ್ಲ. ಹಾಗೆ ಬಂದ ತುಂಡುಗಳ ಮೇಲೇ ಹುಡುಕಾಟ ನಡೆಸುವವರಿಗೆ 'ಅಕ್ಷರ' ಎಂಬ ಪದ ಸಿಗುವುದೇ ಇಲ್ಲ. ಅದೂ ಪರೀಕ್ಷೆಗೆ ಇಟ್ಟುಕೊಂಡ ಪುಟ್ಟ ಫೈಲಿನಲ್ಲಿ ಸಿಕ್ಕು, ನಿಜವಾದ ಫೈಲಿನಲ್ಲಿ ಎಲ್ಲೋ ಒಂದು ಕಡೆ ಮಾತ್ರ ತಪ್ಪಿಹೋಗುತ್ತದೆ. ಮರ ಕಟ್ಟುವವರು ಜೋಡಿಸುವ ಕೆಲಸವನ್ನು ಒಂದೇ ಜಾಗದಲ್ಲಿ, ಒಂದೇ ಸಲ ಸರಿಯಾಗಿ ಮಾಡಿರುತ್ತಾರೆ.

ಇನ್ನೊಂದು ಉದಾಹರಣೆ ವಿಕಿಪೀಡಿಯದ್ದು. ಎಲ್ಲ ಪುಟಗಳನ್ನೂ ಒಟ್ಟಿಗೆ ಇಳಿಸಿಕೊಳ್ಳಲು ಕೊಡುವ ಡಂಪ್ ಎಕ್ಸ್‌ಎಂಎಲ್ ರೂಪದಲ್ಲಿರುತ್ತದೆ, ಕನ್ನಡ ವಿಕಿಪೀಡಿಯದ್ದೂ ಹಾಗೆಯೇ. ಅದರಲ್ಲಿ ಐಡಿ ಎಂಬ ಟ್ಯಾಗ್ ಮೂರು ಕಡೆ ಬರುತ್ತದೆ: ಪುಟಕ್ಕೊಂದು, ಆ ಪುಟದ ಪರಿಷ್ಕರಣೆಗೊಂದು, ಪರಿಷ್ಕರಣೆ ಮಾಡಿದ ಸಂಪಾದಕರಿಗೊಂದು. ಇವೆಂಟ್ ನೆಚ್ಚಿಕೊಂಡವರು 'ಐಡಿ ಒಳಗಿದ್ದೇನೆ' ಎಂಬ ಒಂದು ಫ್ಲ್ಯಾಗ್ ಇಟ್ಟು ಬರೆದರೆ ಪುಟದ ಸಂಖ್ಯೆಯ ಜಾಗದಲ್ಲಿ ಸಂಪಾದಕರ ಸಂಖ್ಯೆ ಬಂದು ಕೂರುತ್ತದೆ. ಸರಿಪಡಿಸಲು ಇನ್ನೊಂದು ಫ್ಲ್ಯಾಗ್, ಅದನ್ನು ಸರಿಪಡಿಸಲು ಮತ್ತೊಂದು. ಆರು ತಿಂಗಳ ನಂತರ ಆ ಕೋಡನ್ನು ಬರೆದವರೇ ಓದಲಾರರು. ಮರದಲ್ಲಾದರೆ ಪುಟದ ನೇರ ಮಗುವಾದ ಐಡಿ ಕೊಡು ಎಂದು ಕೇಳಿದರೆ ಮುಗಿಯಿತು.

ಫೈಲ್ ಅರ್ಧಕ್ಕೇ ತುಂಡಾಗಿದ್ದರೆ? ಇಳಿಸಿಕೊಳ್ಳುವಾಗ ನೆಟ್ ಹೋಗಿ ಕೊನೆಯ ಟ್ಯಾಗುಗಳು ಬಂದೇ ಇಲ್ಲ ಎನ್ನಿ. ಮರ ಕಟ್ಟುವ ಕೋಡ್ ತಪ್ಪು ತೋರಿಸಿ ನಿಲ್ಲುತ್ತದೆ, ಹೊರಗೆ ಒಂದು ಸಾಲೂ ಹೋಗಿರುವುದಿಲ್ಲ. ಇವೆಂಟ್ ಕೋಡ್ ಅಷ್ಟರಲ್ಲಿ ಅರ್ಧ ಲೆಕ್ಕವನ್ನು ಡೇಟಾಬೇಸಿಗೆ ತುಂಬಿ ಆಗಿರುತ್ತದೆ.

ಮೆಮೊರಿಯ ಮಾತು ಬಂದೇ ಬರುತ್ತದೆ ಎಂದು ಗೊತ್ತು. ಕನ್ನಡದ ಮಟ್ಟಿಗೆ ಒಂದು ವಿಚಿತ್ರ ಹೇಳಿಬಿಡುತ್ತೇನೆ. ಫೈಲಿನಲ್ಲಿ ಮೂರು ಬೈಟ್ ಹಿಡಿಯುವ ಕನ್ನಡ ಸಂಕೇತ ಪೈಥಾನ್ 3.3ರಿಂದೀಚೆಗೆ ಮೆಮೊರಿಯಲ್ಲಿ ಸಾಮಾನ್ಯವಾಗಿ ಎರಡೇ ಬೈಟ್ ಹಿಡಿಯುತ್ತದೆ, ಜಾವಾದಲ್ಲೂ ಎರಡೇ. ಉದ್ದುದ್ದ ಲೇಖನಗಳಿರುವ ಕನ್ನಡ ಫೈಲಿನ ಪಠ್ಯ ಮೆಮೊರಿಗೆ ಬಂದಾಗ ಕುಗ್ಗುತ್ತದೆ! ದಿನನಿತ್ಯ ಕೈಗೆ ಬರುವ ಎಕ್ಸ್‌ಎಂಎಲ್ ಹೆಚ್ಚಿನದು ಕೆಲವು ಕೆಬಿ, ಹೆಚ್ಚೆಂದರೆ ಕೆಲವು ಎಂಬಿ. ಅದಕ್ಕಾಗಿ ಫ್ಲ್ಯಾಗುಗಳ ಕಾಡಿನಲ್ಲಿ ಅಲೆಯಬೇಕೆ?

ವಿರೋಧ: ಬೇಕಾದಷ್ಟೇ ಕಟ್ಟಿ, ಕೆಲಸವಾದ ಮೇಲೆ ಬಿಡಿ

ಪಠ್ಯ ಕುಗ್ಗುತ್ತದೆ ಎಂಬ ಮಾತು ನಿಜ. ಆದರೆ ಮರ ಉಬ್ಬುವುದು ಪಠ್ಯದಿಂದಲ್ಲ, ನೋಡ್‌ಗಳಿಂದ. ನೀವೇ ಕೊಟ್ಟ ವೋಚರಿನಲ್ಲಿ 'ನಗದು' ಎಂಬ ನಾಲ್ಕು ಸಂಕೇತಕ್ಕೆ ಎಂಟು ಬೈಟ್ ಸಾಕು. ಅದನ್ನು ಹೊರುವ ಪೈಥಾನ್ ಸ್ಟ್ರಿಂಗಿನ ತಲೆಪಟ್ಟಿಗೆ ಹತ್ತಾರು ಬೈಟ್, ಸ್ಟ್ರಿಂಗನ್ನು ಹೊರುವ ನೋಡ್‌ಗೆ ಇನ್ನಷ್ಟು, ಟ್ಯಾಗುಗಳ ನಡುವಿನ ಖಾಲಿ ಸಾಲುಗಳಿಗೂ ಒಂದೊಂದು ಸ್ಟ್ರಿಂಗ್. ಲೆಕ್ಕಪತ್ರದಂಥ ಫೈಲಿನಲ್ಲಿ ಪಠ್ಯಕ್ಕಿಂತ ಟ್ಯಾಗೇ ಹೆಚ್ಚು. ಎಕ್ಸೆಲ್ ಫೈಲ್ ಓದುವ ಓಪನ್‌ಪೈಎಕ್ಸ್‌ಎಲ್ ಲೈಬ್ರರಿಯ ದಾಖಲೆಯೇ ಹೇಳುವ ಲೆಕ್ಕ ನೋಡಿ: ಮೆಮೊರಿ ಬಳಕೆ ಫೈಲಿನ ಗಾತ್ರದ ಸುಮಾರು 50 ಪಟ್ಟು, ಅಂದರೆ 50 ಎಂಬಿ ಫೈಲಿಗೆ 2.5 ಜಿಬಿ. ಎಕ್ಸೆಲ್ ಫೈಲ್ ಜಿಪ್ ಆಗಿರುವ ಎಕ್ಸ್‌ಎಂಎಲ್ ಆದ್ದರಿಂದ ಬಿಚ್ಚಿದ ಮೇಲಿನ ಹಿಗ್ಗುವಿಕೆಯೂ ಇದರಲ್ಲಿ ಸೇರಿದೆ. ಆದರೂ ಸಣ್ಣ ಸರ್ವರ್ ಮಲಗಲು ಅಷ್ಟು ಸಾಕು. ಅದಕ್ಕೇ ಆ ಲೈಬ್ರರಿಯಲ್ಲಿ ಬರೀ ಓದುವುದಕ್ಕೆಂದು ಬೇರೆಯೇ ಒಂದು ವಿಧಾನ ಇಟ್ಟಿದ್ದಾರೆ, ಅದು ಸಾಲು ಸಾಲಾಗಿ ಓದಿಕೊಂಡು ಹೋಗುತ್ತದೆ.

ಫೈಲ್ ಚಿಕ್ಕದು ಎಂಬ ಧೈರ್ಯವೂ ಯಾವಾಗಲೂ ಕೈಹಿಡಿಯುವುದಿಲ್ಲ. ಎಂಟಿಟಿ ಎಂಬ ಸಂಕ್ಷೇಪಗಳನ್ನು ಒಂದರೊಳಗೊಂದು ಹತ್ತು ಹತ್ತು ಸಲ ಹೆಣೆದರೆ ಒಂದು ಕೆಬಿಗೂ ಕಡಿಮೆಯಿರುವ ಫೈಲ್ ನೂರು ಕೋಟಿ ಪದಗಳಾಗಿ, ಸುಮಾರು 3 ಜಿಬಿಯಾಗಿ ಬಿಚ್ಚಿಕೊಳ್ಳುತ್ತದೆ. ಬಿಲಿಯನ್ ಲಾಫ್ಸ್ ಎಂದೇ ಹೆಸರಾದ ದಾಳಿ ಇದು. ಎಕ್ಸ್‌ಪ್ಯಾಟ್‌ನಲ್ಲಿ ಇದಕ್ಕೆ ತಡೆ ಬಂದದ್ದು 2021ರ 2.4.0 ಆವೃತ್ತಿಯಲ್ಲಿ. ತಡೆ ಇಲ್ಲದಿದ್ದರೆ ಇವೆಂಟ್ ದಾರಿಯಲ್ಲೂ ಪ್ರೊಸೆಸರ್ ಬೆವರುತ್ತದೆ, ಒಪ್ಪುತ್ತೇನೆ. ಆದರೆ ಪಠ್ಯವನ್ನು ಕೂಡಿಡದ ಕೋಡ್‌ನ ಮೆಮೊರಿ ಏರುವುದಿಲ್ಲ.

ಐಡಿ ಟ್ಯಾಗಿನ ಗೋಜಲಿಗೆ ಮರ ಬೇಕೇ ಬೇಕು ಎನ್ನುವುದನ್ನು ಮಾತ್ರ ಒಪ್ಪಲಾರೆ. ಅಲ್ಲಿ ತಪ್ಪಿದ್ದು ಫ್ಲ್ಯಾಗ್. ತೆರೆದಿರುವ ಟ್ಯಾಗುಗಳ ಹೆಸರನ್ನು ಸ್ಟ್ಯಾಕಿನಲ್ಲಿ ಇಟ್ಟುಕೊಂಡರೆ ಪ್ರತಿ ಕ್ಷಣವೂ ಪೂರ್ತಿ ವಿಳಾಸ ಕೈಯಲ್ಲಿರುತ್ತದೆ: ಪುಟ, ಅದರೊಳಗೆ ಪರಿಷ್ಕರಣೆ, ಅದರೊಳಗೆ ಸಂಪಾದಕ, ಅದರೊಳಗೆ ಐಡಿ. ವಿಕಿಪೀಡಿಯ ಡಂಪಿನಲ್ಲಿ ಈ ಸ್ಟ್ಯಾಕ್ ಐದಾರು ಮೆಟ್ಟಿಲು ದಾಟುವುದಿಲ್ಲ, ಫೈಲ್ ಎಷ್ಟೇ ದೊಡ್ಡದಿರಲಿ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳ ಡಂಪ್ ಕುಗ್ಗಿಸಿದ ಮೇಲೂ 20 ಜಿಬಿ ಮೀರುತ್ತದೆ, ಬಿಚ್ಚಿದರೆ ಅದರ ಹಲವು ಪಟ್ಟು. ಅದನ್ನು ಮರ ಮಾಡುತ್ತೇನೆ ಎಂದು ಹೊರಟವರು ಯಂತ್ರ ಕೊಳ್ಳಲು ಹೋಗಬೇಕು. ಪಠ್ಯ ತುಂಡಾಗಿ ಬರುವ ತೊಂದರೆಯೂ ಅಷ್ಟೆ. ತುಂಡುಗಳನ್ನು ಮುಚ್ಚುವ ಟ್ಯಾಗ್ ಬರುವವರೆಗೆ ಕೂಡಿಡುವುದು ಎರಡೂ ದಾರಿಗೂ ಸೇರಿದ ಶಿಸ್ತು, ಮರದ ಸ್ವಂತ ಆಸ್ತಿಯಲ್ಲ.

ದೂರದೂರದ ಭಾಗಗಳನ್ನು ಜೋಡಿಸಲು ಮರ ಬೇಕು ಎನ್ನುವವರಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ ಫೈಲನ್ನೇ ನೋಡಿ. ಬೆಂಗಳೂರಿನ ಒಂದು ರಸ್ತೆ ಅದರಲ್ಲಿ ಬಿಂದುಗಳ ಸಂಖ್ಯೆಗಳ ಪಟ್ಟಿ ಮಾತ್ರ. ಆ ಬಿಂದುಗಳ ಅಕ್ಷಾಂಶ ರೇಖಾಂಶಗಳು ಫೈಲಿನಲ್ಲಿ ಎಷ್ಟೋ ಹಿಂದೆ ಬಂದು ಹೋಗಿರುತ್ತವೆ. ಇಲ್ಲಿ ಮರ ಕಟ್ಟಿದರೆ ಏನು ಸಿಕ್ಕಿತು? ರಸ್ತೆ ಬಿಂದುವಿನ ತಾಯಿಯೂ ಅಲ್ಲ, ಮಗುವೂ ಅಲ್ಲ. ಬೇಕಿರುವುದು ಸಂಖ್ಯೆ ಕೊಟ್ಟರೆ ಜಾಗ ಹೇಳುವ ಒಂದು ಕೋಷ್ಟಕ. ಎಕ್ಸೆಲ್‌ನಲ್ಲೂ ಇದೇ ಕಥೆ. ಕೋಶದೊಳಗೆ ಪಠ್ಯದ ಬದಲು ಸಾಮಾನ್ಯವಾಗಿ ಒಂದು ಕ್ರಮಸಂಖ್ಯೆ ಇರುತ್ತದೆ, ಪಠ್ಯವೆಲ್ಲ ಬೇರೆ ಫೈಲಿನಲ್ಲಿ. ಹಾಳೆಯ ಮರವನ್ನು ಎಷ್ಟು ಅಂದವಾಗಿ ಕಟ್ಟಿದರೂ ಅದರಲ್ಲಿ ಪಠ್ಯವೇ ಇಲ್ಲ.

ಕೊನೆಯೇ ಕಾಣದ ದಾಖಲೆಯನ್ನು ಏನು ಮಾಡುತ್ತೀರಿ? ಚಾಟ್‌ಗೆಂದು ಹುಟ್ಟಿದ ಎಕ್ಸ್‌ಎಂಪಿಪಿ ಎಂಬ ಒಡಂಬಡಿಕೆ ಇದೆ, 1999ರ ಜಾಬರ್ ಅದರ ಮೂಲ. ಅಲ್ಲಿ ಸಂಪರ್ಕ ಶುರುವಾದಾಗ ಸ್ಟ್ರೀಮ್ ಎಂಬ ಟ್ಯಾಗ್ ತೆರೆಯುತ್ತದೆ, ಮುಚ್ಚುವುದು ಮಾತುಕತೆ ಮುಗಿದು ಸಂಪರ್ಕ ಕಡಿಯುವಾಗ. ನಡುವೆ ಬರುವ ಪ್ರತಿ ಸಂದೇಶವೂ ಆ ಟ್ಯಾಗಿನ ಮಗು. ದಾಖಲೆ ಮುಗಿಯಲಿ, ಮರ ಆಗಲಿ, ಆಮೇಲೆ ಓದೋಣ ಎಂದರೆ 'ಊಟ ಆಯ್ತಾ' ಎಂಬ ಸಂದೇಶ ಕಾಣುವುದು ಕಳುಹಿಸಿದವರು ಎದ್ದು ಹೋದ ಮೇಲೆ. ಮದುವೆಗೆ ಕರೆದವರೆಲ್ಲ ಬಂದು ಸೇರುವವರೆಗೆ ಯಾರಿಗೂ ಎಲೆ ಹಾಕುವುದಿಲ್ಲ ಎಂದು ಹಟ ಹಿಡಿದ ಹಾಗಾಯಿತು. ಎಕ್ಸ್‌ಎಂಪಿಪಿ ಕೋಡ್ ಬರೆಯುವವರು ಮಾಡುವುದು ಇಷ್ಟು: ಹೊರಗಿನ ಟ್ಯಾಗಿಗೆ ಮರ ಕಟ್ಟುವುದಿಲ್ಲ, ಅದರೊಳಗಿನ ಒಂದೊಂದು ಸಂದೇಶಕ್ಕೂ ಒಂದು ಪುಟ್ಟ ಮರ ಕಟ್ಟಿ, ಕೆಲಸ ಮುಗಿದೊಡನೆ ಎಸೆಯುತ್ತಾರೆ.

ವೋಚರಿಗೂ ಇದೇ ಸರಿ. ಖರ್ಚು ಜಮಾ ತಾಳೆ ನೋಡಲು ಒಂದು ವೋಚರಿನ ಎಲ್ಲ ಸಾಲುಗಳೂ ಒಟ್ಟಿಗೆ ಬೇಕು. -4500, 4500, ಮೊತ್ತ ಸೊನ್ನೆ, ಆಯಿತು. ಅದಕ್ಕೆ ಪಕ್ಕದ ವೋಚರ್ ಬೇಡ. ಬೆಂಗಳೂರಿನ ಲೆಕ್ಕಪತ್ರ ತಂತ್ರಾಂಶ ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲೂ ಎನ್ವಲಪ್ ಎಂಬ ಒಂದೇ ಹೊರ ಟ್ಯಾಗಿನೊಳಗೆ ವೋಚರುಗಳು ಸಾಲಾಗಿ ಬರುತ್ತವೆ. ವರ್ಷದ ಲೆಕ್ಕವೆಲ್ಲ ಒಂದೇ ಫೈಲಿನಲ್ಲಿದ್ದರೂ ಒಂದು ಹೊತ್ತಿಗೆ ಮೆಮೊರಿಯಲ್ಲಿರಬೇಕಾದದ್ದು ಒಂದು ವೋಚರ್. ಅರ್ಧಕ್ಕೆ ತುಂಡಾದ ಫೈಲಿನ ಭಯವಿದ್ದರೆ ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ತೆರೆದು, ಕೊನೆಯ ಟ್ಯಾಗ್ ಮುಚ್ಚಿದ ಮೇಲೆ ಕಮಿಟ್ ಮಾಡಿ. ಅದು ಇರುವುದೇ ಅದಕ್ಕೆ.

ಪರದವರ ಮರುಮಾತು

ವೋಚರಿಗೊಂದು ಮರ ಎಂದಾಗಲೇ ಮರ ಬೇಕು ಎಂದು ನೀವೂ ಒಪ್ಪಿದಿರಿ. ಉಳಿದದ್ದು ಎಲ್ಲಿ ಕತ್ತರಿಸಬೇಕು ಎಂಬುದು. ಅದು ಮುಂಚೆಯೇ ಗೊತ್ತಿರುವ ಫೈಲಿಗೆ ನಿಮ್ಮ ಉಪಾಯ ನಡೆಯುತ್ತದೆ. ವರ್ಡ್ ಫೈಲಿನಲ್ಲಿ ಎಲ್ಲಿ ಕತ್ತರಿಸುತ್ತೀರಿ? ಕಣ್ಣಿಗೆ ಒಂದೇ ಪದವಾಗಿ ಕಾಣುವುದನ್ನು ವರ್ಡ್ ಒಳಗೆ ಎರಡು ಮೂರು ತುಂಡು ಮಾಡಿ ಬೇರೆ ಬೇರೆ ಟ್ಯಾಗಿನಲ್ಲಿ ಇಟ್ಟಿರುತ್ತದೆ. ನಮೂನೆ ಪತ್ರದಲ್ಲಿ 'ಅರ್ಜಿದಾರರ ಹೆಸರು' ಎಂದಿರುವ ಜಾಗಕ್ಕೆ ನಿಜವಾದ ಹೆಸರು ತುಂಬಬೇಕಾದರೆ ಹಿಂದೆ ಮುಂದೆ ನೋಡಿ ತುಂಡುಗಳನ್ನು ಸೇರಿಸಿ, ತಿದ್ದಿ, ವಾಪಸ್ ಬರೆಯಬೇಕು. ಮುಂದಕ್ಕೆ ಮಾತ್ರ ಓಡುವ ಇವೆಂಟ್ ಸಾಲಿನಲ್ಲಿ ಇದನ್ನು ಮಾಡಹೊರಟವರ ಕೋಡ್ ನೋಡಿದರೆ ಅಯ್ಯೋ ಅನ್ನಿಸುತ್ತದೆ. ಇನ್ನು ನಿಮ್ಮ ಮೆಚ್ಚಿನ ಇಟರ್‌ಪಾರ್ಸ್ ವಿಷಯ, ಅಂದರೆ ಮರ ಕಟ್ಟುತ್ತಲೇ ಇವೆಂಟ್‌ಗಳನ್ನೂ ಕೊಡುವ ಎಲಿಮೆಂಟ್‌ಟ್ರೀಯ ಕರೆ. ವೋಚರ್ ಮುಗಿದ ಕೂಡಲೇ ಅದನ್ನು ಕ್ಲಿಯರ್ ಮಾಡಿದೆ ಎಂದು ನಿಶ್ಚಿಂತೆಯಿಂದ ಇರುತ್ತೀರಿ. ಒಳಗಿನದು ಹೋಗಿರುತ್ತದೆ, ಆದರೆ ಖಾಲಿ ವೋಚರುಗಳೆಲ್ಲ ಬೇರಿನ ಮಕ್ಕಳ ಪಟ್ಟಿಯಲ್ಲಿ ಹಾಗೇ ತೂಗುತ್ತಿರುತ್ತವೆ. ಲಕ್ಷ ವೋಚರ್ ದಾಟಿದರೆ ಮೆಮೊರಿ ಮತ್ತೆ ಏರುತ್ತದೆ.

ವಿರೋಧದವರ ಉತ್ತರ

ಅದು ಹಳೆಯ ಕಾಯಿಲೆ, ಮದ್ದೂ ಹಳೆಯದೇ. ಸ್ಟಾರ್ಟ್ ಇವೆಂಟ್‌ಗಳನ್ನೂ ಕೇಳಿಕೊಂಡು, ಮೊದಲು ಬರುವ ಒಂದರಿಂದ ಬೇರನ್ನು ಹಿಡಿದಿಟ್ಟುಕೊಳ್ಳಿ. ಪ್ರತಿ ವೋಚರ್ ಮುಗಿದಾಗ ವೋಚರಿನ ಬದಲು ಬೇರನ್ನೇ ಕ್ಲಿಯರ್ ಮಾಡಿ. ಸ್ಟಾರ್ಟ್ ಇವೆಂಟ್‌ನಲ್ಲೇ ಮಕ್ಕಳನ್ನು ಹುಡುಕಲು ಹೋಗಬೇಡಿ, ಅವರಿನ್ನೂ ಬಂದಿರುವುದಿಲ್ಲ. ವರ್ಡ್ ಫೈಲಿನ ಬಗ್ಗೆ ನನ್ನ ತಕರಾರಿಲ್ಲ. ಮನುಷ್ಯರು ಕೂತು ಬರೆದ ಪತ್ರ ಎಷ್ಟು ದೊಡ್ಡದಾದರೂ ಅದರ ಮರ ಈಗಿನ ಲ್ಯಾಪ್‌ಟಾಪ್‌ನಲ್ಲಿ ಹಿಡಿಸುತ್ತದೆ. ತಿದ್ದಬೇಕಾದದ್ದಕ್ಕೆ ಮರ ಕಟ್ಟಿ. ತಕರಾರು ಇರುವುದು ಇಡೀ ದಿನ ಯಾರ್ಯಾರೋ ಕಳುಹಿಸುವ ಫೈಲ್‌ಗಳನ್ನು ನುಂಗುವ ಸರ್ವರಿನ ಬಗ್ಗೆ. ಅಲ್ಲಿ ನಾಳೆ ಬರುವ ಫೈಲಿನ ಗಾತ್ರವನ್ನು ಕೋಡ್ ಬರೆಯುವವರು ಇಂದು ನಿರ್ಧರಿಸುವಂತಿಲ್ಲ.