ಹೊರೆ ಹೊತ್ತವರಿಗೂ ಹೆಸರುಂಟು

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳ ಹಾಗೂ ಗ್ರಾಮಸ್ಥರ ಮುಂದೆ ಒಂದು ವಿಚಾರವನ್ನು ಇಡಬಯಸುತ್ತೇನೆ. ನ್ಯಾಲ್ಕಲ್ ಸೀಮೆ ಒಕ್ಕಲುತನದ ಸೀಮೆ. ರೈತನನ್ನು ಅನ್ನದಾತನೆಂದು ವೇದಿಕೆಗಳಲ್ಲಿ ಕೊಂಡಾಡುವ ನಾವು, ಯುದ್ಧಕಾಲದಲ್ಲಿ ಸೇನೆಯ ಹೊರೆ ಹೊತ್ತವನೂ ಅವನೇ ಎಂಬುದನ್ನು ಮರೆತಿದ್ದೇವೆ.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಸೇರಿದವರಲ್ಲಿ 5 ಲಕ್ಷಕ್ಕೂ ಮಿಕ್ಕಿದವರು ಬಂದೂಕು ಹಿಡಿದವರಲ್ಲ. ಅವರು ಬಂಡಿ ಹೊಡೆದರು, ಹೇಸರಗತ್ತೆಗಳನ್ನು ನಡೆಸಿದರು, ರಸ್ತೆ ಹಾಗೂ ರೈಲುಹಳಿಗಳನ್ನು ಹಾಕಿದರು, ಗಾಯಾಳುಗಳನ್ನು ಹೊತ್ತರು. 1917ರಿಂದ ಫ್ರಾನ್ಸಿಗೆ ತೆರಳಿದ ಭಾರತೀಯ ಕೂಲಿ ದಳದಲ್ಲಿ ಸುಮಾರು 50,000 ಮಂದಿಯಿದ್ದರು. ಮೈಸೂರು ಸಂಸ್ಥಾನದ ಸಾರಿಗೆ ದಳವು ಮೆಸೊಪೊಟೇಮಿಯಾದಲ್ಲಿ, ಎಂದರೆ ಇಂದಿನ ಇರಾಕಿನಲ್ಲಿ, ಸೇವೆ ಸಲ್ಲಿಸಿತು. ಹಿಟ್ಟು, ನೀರು, ಮದ್ದುಗುಂಡು ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಎಂಥ ಶೂರನೂ ರಣರಂಗದಲ್ಲಿ ನಿಲ್ಲಲಾರನಷ್ಟೆ!

ಆದರೆ ಕೀರ್ತಿಯ ಹಂಚಿಕೆಯಲ್ಲಿ ಸಮಪಾಲು ಸಿಗಲಿಲ್ಲ. ದಿಲ್ಲಿಯಲ್ಲಿ 1922ರಲ್ಲಿ ಸ್ಥಾಪಿತವಾದ ತೀನ್ ಮೂರ್ತಿ ಸ್ಮಾರಕವು ಹೈದರಾಬಾದು, ಮೈಸೂರು, ಜೋಧಪುರ ಸಂಸ್ಥಾನಗಳ ಅಶ್ವದಳಗಳದು. ನಮ್ಮ ಭಾಗವು ಅಂದು ಹೈದರಾಬಾದು ಸಂಸ್ಥಾನದಲ್ಲಿದ್ದುದರಿಂದ ಅದು ನಮಗೂ ಹೆಮ್ಮೆಯೇ. ಬಂಡಿ ಹೊಡೆದವನಿಗೆ ಮಾತ್ರ ಅಲ್ಲಿ ಎಡೆಯಿಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕವು 40,000ಕ್ಕೂ ಹೆಚ್ಚು ಮೃತರದು. ಅಲ್ಲಿ ಅಧಿಕಾರಿಗಳ ಹೆಸರುಗಳನ್ನು ಕೆತ್ತಿದರು. ಭಾರತದ ಸಾಮಾನ್ಯ ಯೋಧರನ್ನು ದಳವಾರು ಸಂಖ್ಯೆಯಾಗಿ ಮಾತ್ರ ಬರೆದರು. ಇಂಥ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು 2021ರಲ್ಲಿ ಕ್ಷಮೆ ಕೋರಿತು. ಶತಮಾನ ಕಳೆದ ಮೇಲೆ ಬಂದ ಆ ಮಾತನ್ನು ಕೇಳಲು ಅವರ ಮಕ್ಕಳೂ ಉಳಿದಿರಲಾರರು.

ಪರರಾಜ್ಯದ ಯುದ್ಧಕ್ಕೆ ದುಡಿದವರನ್ನು ನಾವೇಕೆ ಸ್ಮರಿಸಬೇಕೆಂದು ಕೆಲವರು ಕೇಳಬಹುದು. ಸಾಮ್ರಾಜ್ಯವನ್ನು ಹೊಗಳುವುದು ಬೇರೆ, ಬೆವರನ್ನು ಗೌರವಿಸುವುದು ಬೇರೆ. ಯುದ್ಧವನ್ನು ಸಾರಿದವನು ರೈತನಲ್ಲ. ಅದರ ಭಾರವನ್ನು ಹೊತ್ತವನು ಮಾತ್ರ ಅವನು. ಸ್ವತಂತ್ರ ಭಾರತದ ಸೇನೆಯಲ್ಲಿಯೂ ಅಡುಗೆಯವರು, ಚಾಲಕರು, ರಸ್ತೆ ಕಡಿಯುವವರು ಇದ್ದೇ ಇದ್ದಾರೆ. ನಿವೃತ್ತರಾಗಿ ಊರಿಗೆ ಮರಳಿ ನೇಗಿಲು ಹಿಡಿದವನನ್ನು, "ನೀನು ಗಡಿಯಲ್ಲಿ ಗುಂಡು ಹಾರಿಸಿದೆಯಾ?" ಎಂದು ಕೇಳಿ ಅಳೆಯುವುದು ಸಲ್ಲದು.

ಶಾಲೆಯ ಹಾಜರಿ ಪುಸ್ತಕದಲ್ಲಿ ಪಟೇಲರ ಮಗನಿಗೂ ಜೀತದಾಳಿನ ಮಗನಿಗೂ ಒಂದೊಂದೇ ಸಾಲು. ಯಾರನ್ನೂ ಬರಿಯ ಸಂಖ್ಯೆಯೆಂದು ಕೂಗುವುದಿಲ್ಲ. ಈ ಧರ್ಮವನ್ನೇ ಊರಿನ ಚರಿತ್ರೆಗೂ ಅನ್ವಯಿಸೋಣ. 1956ರಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟ ನಮ್ಮ ಸೀಮೆಯ ಕನ್ನಡ ಮನೆಗಳ ನೆನಪುಗಳನ್ನು ಹೊರಗಿನವರು ಬಂದು ಬರೆಯಲಾರರು. ಆದ್ದರಿಂದ ಮೇಲಿನ ತರಗತಿಗಳ ಮಕ್ಕಳು ಮನೆಮನೆಗೆ ಹೋಗಿ, ಸೇನೆಯ ಯಾವುದೇ ಸೇವೆಯಲ್ಲಿ ದುಡಿದ ಹಿರಿಯರ ಹೆಸರು, ಊರು, ಮಾಡಿದ ಕೆಲಸ ಇವುಗಳನ್ನು ಕನ್ನಡದಲ್ಲಿ ಬರೆದಿಡಲಿ. ಹಳೆಯ ವಿದ್ಯಾರ್ಥಿಗಳು ಅದಕ್ಕೊಂದು ಗಟ್ಟಿ ರಟ್ಟಿನ ಪುಸ್ತಕವನ್ನು ಕೊಡಿಸಲಿ. ಕಲ್ಲಿನ ಸ್ಮಾರಕಕ್ಕೆ ಹಣ ಬೇಕು. ಇದಕ್ಕೆ ಒಂದು ಲೇಖನಿಯೂ ಅಜ್ಜ-ಅಜ್ಜಿಯರ ಬಳಿ ಕುಳಿತುಕೊಳ್ಳುವಷ್ಟು ತಾಳ್ಮೆಯೂ ಸಾಕು.